ಚಲಚ್ಚಿತ್ರ ವಿಚಾರ: ಬಾಗಿಲ ಹೊರಗಿನ ಭಯ, ಬಾಗಿಲ ಒಳಗಿನ ಬಿರುಕು

ಭಯಾನಕವೂ ಬೀಭತ್ಸವೂ ನವರಸಗಳಲ್ಲಿ ಸೇರಿರುವುದನ್ನು ನಮ್ಮ ವಾಚಕರು ಬಲ್ಲರು. ಆದರೂ ಹೆಣಗಳು ಎದ್ದು ನಡೆಯುವ ಚಿತ್ರಗಳ ಹೆಸರೆತ್ತಿದರೆ, ಇಂಥವು ಮರ್ಯಾದಸ್ಥರ ಮನೆಗೆ ತಕ್ಕವಲ್ಲವೆಂದು ಮುಖ ತಿರುಗಿಸುವ ಹಿರಿಯರು ಒಂದು ಕಡೆ. ಅದರಲ್ಲೇನಿದೆ, ಬರಿಯ ತಮಾಷೆಯೆಂದು ಎಳೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡುವವರು ಇನ್ನೊಂದು ಕಡೆ. ಎರಡು ಪಕ್ಷದವರೂ ವಿಷಯವನ್ನು ಸರಿಯಾಗಿ ತೂಗಿ ನೋಡಿಲ್ಲವೆಂದು ನಮ್ಮ ಅಭಿಪ್ರಾಯ. ಈ ಬಗೆಯ ಚಿತ್ರಗಳಿಗೆಲ್ಲ ತಾಯಿಬೇರೆನ್ನಬಹುದಾದ ಒಂದು ಚಿತ್ರದ ವೃತ್ತಾಂತವನ್ನೂ, ಅದು ಹುಟ್ಟಿದ ಸೀಮೆಯ ಜನರು ಅದನ್ನು ಹೇಗೆ ಕಾಪಾಡಿಕೊಂಡು ಬಂದರೆಂಬುದನ್ನೂ ಈ ತಿಂಗಳು ಹೇಳುವೆವು. ನಿರ್ಣಯವನ್ನು ವಾಚಕರೇ ಮಾಡಿಕೊಳ್ಳಬಹುದು.

ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಪಿಟ್ಸ್‌ಬರ್ಗ್ ಎಂಬುದು ಉಕ್ಕಿನ ಕಾರ್ಖಾನೆಗಳಿಂದ ಹೆಸರಾದ ಪಟ್ಟಣ. 1940ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜಾರ್ಜ್ ರೊಮೆರೋ ಅವರು ವಿದ್ಯಾಭ್ಯಾಸಕ್ಕೆಂದು ಅಲ್ಲಿಗೆ ಬಂದು ಅಲ್ಲಿಯೇ ನೆಲೆಸಿದರು. ಮಿತ್ರರೊಡನೆ ಕೂಡಿ ಜಾಹೀರಾತುಗಳ ಸಣ್ಣ ಚಿತ್ರಗಳನ್ನು ತೆಗೆಯುವುದು ಅವರ ಜೀವನೋಪಾಯವಾಗಿದ್ದಿತು. ಫ್ರೆಡ್ ರಾಜರ್ಸ್ ಎಂಬ ಸಜ್ಜನರು ಅದೇ ಪಟ್ಟಣದಿಂದ ಎಳೆಯ ಮಕ್ಕಳಿಗಾಗಿ ನಡೆಸುತ್ತಿದ್ದ ಟೆಲಿವಿಷನ್ ಕಾರ್ಯಕ್ರಮಕ್ಕೂ ಅವರು ಚಿತ್ರ ತೆಗೆದುಕೊಟ್ಟದ್ದುಂಟು. ಮಗುವನ್ನು ಸಂತೈಸುವ ಚಿತ್ರ ತೆಗೆದ ಕೈಯೇ ದೊಡ್ಡವರನ್ನು ನಡುಗಿಸುವ ಚಿತ್ರವನ್ನೂ ತೆಗೆಯಿತೆಂಬುದು ವಿಚಿತ್ರವಾದರೂ ಸತ್ಯ.

ಬಂಡವಾಳಗಾರರು ಮುಂದೆ ಬರಲಿಲ್ಲ. ಹತ್ತು ಮಂದಿ ಮಿತ್ರರು ತಲೆಗೆ 600 ಡಾಲರಿನಂತೆ ಮೊದಲು ಚಂದಾ ಹಾಕಿ ಕೆಲಸಕ್ಕೆ ಕೈಯಿಟ್ಟರು. ಕಡೆಗೆ ಸುಮಾರು 1,14,000 ಡಾಲರ್ ವೆಚ್ಚವಾಯಿತು. ಚಿತ್ರದ ಉದ್ಯಮದಲ್ಲಿ ಇದು ಅತ್ಯಲ್ಪ ಮೊತ್ತ. 1967ರಲ್ಲಿ ಪಿಟ್ಸ್‌ಬರ್ಗಿಗೆ ಸುಮಾರು 30 ಮೈಲಿ ಉತ್ತರದ ಇವಾನ್ಸ್ ಸಿಟಿ ಎಂಬ ಸಣ್ಣ ಊರಿನ ಸ್ಮಶಾನದಲ್ಲಿಯೂ, ಕೆಡವಲು ಗೊತ್ತುಮಾಡಿದ್ದ ಒಂದು ಒಕ್ಕಲುಮನೆಯಲ್ಲಿಯೂ ಚಿತ್ರೀಕರಣ ನಡೆಯಿತು. ಕಪ್ಪುಬಿಳುಪಿನ ಚಿತ್ರವಾದುದರಿಂದ ಚಾಕೊಲೇಟಿನ ಪಾಕವೇ ರಕ್ತವಾಯಿತು. ನಿರ್ಮಾಪಕರಲ್ಲೊಬ್ಬರಾದ ಕಾರ್ಲ್ ಹಾರ್ಡ್‌ಮನ್ ಅವರೇ ಕಥೆಯಲ್ಲಿ ತಂದೆಯಾದರು. ಅವರ ಸ್ವಂತ ಮಗಳೇ ಮಗಳಾದಳು. ವಾರವಾರವೂ ಸ್ಥಳೀಯ ಟೆಲಿವಿಷನ್ನಿನಲ್ಲಿ ಭಯಾನಕ ಚಿತ್ರಗಳನ್ನು ಪರಿಚಯಿಸಿ ಮನೆಮಾತಾಗಿದ್ದ ಬಿಲ್ ಕಾರ್ಡಿಲ್ ಅವರು ವರದಿಗಾರನ ಪಾತ್ರ ವಹಿಸಿದರು. ಹೀಗೆ ಇದು ಒಂದು ಸೀಮೆಯ ನೆರೆಹೊರೆಯವರು ಕೂಡಿ ಮಾಡಿದ ಕೆಲಸ. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನ ಫುಲ್ಟನ್ ಚಿತ್ರಮಂದಿರದಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್', ಎಂದರೆ ಜೀವಂತ ಶವಗಳ ರಾತ್ರಿ, ಮೊದಲು ಪ್ರದರ್ಶಿತವಾಯಿತು.

ಕಥೆಯಾದರೋ ಸರಳ. ತಂದೆಯ ಗೋರಿಗೆ ಹೂಮಾಲೆಯಿಡಲು ಬಂದ ಅಣ್ಣತಂಗಿಯರ ಮೇಲೆ ಒಂದು ಶವ ಎರಗುವುದು. ಅಣ್ಣ ಸಾಯುವನು, ತಂಗಿ ಓಡಿ ಒಂಟಿ ಮನೆಯೊಂದನ್ನು ಸೇರುವಳು. ಬೆನ್ ಎಂಬ ಧೀರನೂ ಅಲ್ಲಿಗೆ ಬಂದು ಬಾಗಿಲು ಕಿಟಕಿಗಳಿಗೆ ಹಲಗೆ ಜಡಿಯುವನು. ಆಮೇಲೆ ತಿಳಿಯುವುದೇನೆಂದರೆ, ನೆಲಮಾಳಿಗೆಯಲ್ಲಿ ಹ್ಯಾರಿ ಎಂಬ ಗೃಹಸ್ಥನೂ ಅವನ ಹೆಂಡತಿಯೂ ಗಾಯಗೊಂಡ ಮಗಳೂ ಒಂದು ಎಳೆಯ ಜೋಡಿಯೂ ಮೊದಲೇ ಅಡಗಿರುವರು. ನಮ್ಮ ಬೇತಾಳನು ಹೆಣದಲ್ಲಿ ಹೊಕ್ಕರೂ ಕಥೆ ಹೇಳಬಲ್ಲನು, ನ್ಯಾಯ ಕೇಳಬಲ್ಲನು. ಈ ಶವಗಳಿಗೆ ಮಾತಿಲ್ಲ, ಬುದ್ಧಿಯಿಲ್ಲ, ಹಸಿವೊಂದೇ ಇರುವುದು. ಇಂದು ಎಲ್ಲರ ಬಾಯಲ್ಲಿರುವ ಜಾಂಬಿ ಎಂಬ ಶಬ್ದವು ಈ ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಗೃಹಸ್ಥರು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇನ್ನು ಮುಂದಿರುವುದು. ಶವಗಳು ಮಂದಗತಿಯವು, ಬೆಂಕಿ ಕಂಡರೆ ಹಿಂಜರಿಯುವಂಥವು. ಏಳು ಮಂದಿ ಒಂದೇ ಮನಸ್ಸಿನಿಂದ ನಿಂತಿದ್ದರೆ ರಾತ್ರಿ ಕಳೆಯುವುದು ಅಸಾಧ್ಯವಾಗಿರಲಿಲ್ಲ. ಆದರೆ ನೆಲಮಾಳಿಗೆಯೇ ಕ್ಷೇಮವೆಂದು ಹ್ಯಾರಿಯ ಹಟ; ಮೇಲಿನ ಕೋಣೆಗಳೇ ಕ್ಷೇಮವೆಂದು ಬೆನ್ನನ ಹಟ. ಇಲ್ಲಿಯ ಯಜಮಾನಿಕೆ ಯಾರದೆಂಬ ಜಗಳದಲ್ಲಿ ಹಲಗೆಗಿಂತ ಮೊದಲು ನಂಬಿಕೆ ಕಿತ್ತುಹೋಗುವುದು. ಹೊರಗೆ ಹೋದ ಬೆನ್ ಮರಳಿ ಬಂದಾಗ ಹ್ಯಾರಿ ಬಾಗಿಲು ತೆರೆಯುವುದಿಲ್ಲ; ಕಡೆಗೆ ಬೆನ್ನನ ಗುಂಡಿಗೆ ಹ್ಯಾರಿ ಬೀಳುವನು; ರೋಗಿಯಾದ ಮಗಳು ಶವವಾಗಿ ಎದ್ದು ಹೆತ್ತ ತಾಯಿಯನ್ನೇ ಕೊಲ್ಲುವಳು. ಎಲ್ಲರೂ ನಾಶವಾದ ಮೇಲೆ ಬೆನ್ ತಾನು ಹೀಗಳೆದಿದ್ದ ನೆಲಮಾಳಿಗೆಯಲ್ಲಿಯೇ ಅಡಗಿ ಬೆಳಗಿನವರೆಗೆ ಬದುಕುವನು. ಹಾಗಾದರೆ ಹ್ಯಾರಿಯ ಮಾತು ಸರಿಯಾಗಿತ್ತೇ? ಸರಿಯಾಗಿದ್ದಿರಬಹುದು, ಸರಿಯಾದ ಮಾತನ್ನೂ ಒಪ್ಪತಕ್ಕ ರೀತಿಯಲ್ಲಿ ಆಡದಿದ್ದರೆ ಅದು ಯಾರನ್ನೂ ಉಳಿಸಲಾರದು. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಾದ ಮೇಲೆ ಶವಬೇಟೆಗೆ ಬಂದ ಬಂದೂಕಿನ ತಂಡದವರು, ಕಿಟಕಿಯಲ್ಲಿ ಕಂಡ ಬೆನ್ನನನ್ನು ಶವವೆಂದೇ ಎಣಿಸಿ ಸುಟ್ಟುಬಿಡುವರು. ಬೆನ್ನನ ಪಾತ್ರ ವಹಿಸಿದ ಡ್ಯೂಯೇನ್ ಜೋನ್ಸ್ ಅವರು ಕಪ್ಪು ಜನಾಂಗದವರು. ವರ್ಣವನ್ನು ನೋಡಿ ಆ ಪಾತ್ರವನ್ನು ಬರೆದಿರಲಿಲ್ಲ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿದವರು ಅವರೇ ಆದುದರಿಂದ ಆರಿಸಿಕೊಂಡೆವೆಂದು ರೊಮೆರೋ ಹೇಳುತ್ತಿದ್ದರು. ಮುಗಿದ ಚಿತ್ರವನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದ ರಾತ್ರಿಯೇ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯ ವಾರ್ತೆಯನ್ನು ರೇಡಿಯೋದಲ್ಲಿ ಕೇಳಿದುದಾಗಿಯೂ ಅವರು ಹೇಳಿರುವರು. ಅದು 1968ರ ಏಪ್ರಿಲ್ 4. ಆ ವರ್ಷದ ಪ್ರೇಕ್ಷಕರು ಕಡೆಯ ದೃಶ್ಯವನ್ನು ಬರಿಯ ಕಟ್ಟುಕಥೆಯೆಂದು ನೋಡಿರಲಾರರು.

ಇನ್ನು ಮಕ್ಕಳ ಮಾತು. ಯಾವ ವಯಸ್ಸಿನವರಿಗೆ ಯಾವ ಚಿತ್ರ ತಕ್ಕದ್ದೆಂದು ಗುರುತು ಹಾಕುವ ಪದ್ಧತಿ ಅಮೆರಿಕಾದಲ್ಲಿ 1968ರ ನವೆಂಬರಿನಿಂದ ಜಾರಿಗೆ ಬಂದಿತು. ನಮ್ಮ ಚಿತ್ರವಾದರೋ ಅದಕ್ಕೆ ಒಂದು ತಿಂಗಳು ಮುಂಚೆಯೇ ಹೊರಬಿದ್ದಿದ್ದಿತು. ಭಯಾನಕ ಚಿತ್ರವೆಂದರೆ ಹಗಲು ಪ್ರದರ್ಶನದಲ್ಲಿ ಕೂಗಾಡಿ ನಗುವುದಕ್ಕೆಂದೇ ಬಗೆದಿದ್ದ ತಾಯಿತಂದೆಗಳು ಚಿಕ್ಕವರನ್ನು ಮಂದಿರದಲ್ಲಿ ಬಿಟ್ಟುಹೋಗುತ್ತಿದ್ದರು. ಷಿಕಾಗೋ ಪಟ್ಟಣದ ವಿಮರ್ಶಕರಾದ ರೋಜರ್ ಎಬರ್ಟ್ ಅವರು 1969ರ ಜನವರಿಯಲ್ಲಿ ಅಂಥದೊಂದು ಪ್ರದರ್ಶನವನ್ನು ವರ್ಣಿಸಿದರು. ಮೊದಲು ಗದ್ದಲವೆಬ್ಬಿಸಿದ ಮಕ್ಕಳು ಬರಬರುತ್ತ ಮೌನವಾದುದನ್ನೂ, ಒಂಬತ್ತು ವರ್ಷದವಳಿರಬಹುದಾದ ಒಬ್ಬ ಹುಡುಗಿ ಅಲುಗಾಡದೆ ಕುಳಿತು ಅಳುತ್ತಿದ್ದುದನ್ನೂ ಅವರು ಕಂಡಿದ್ದರು. ಸಾಮಾನ್ಯ ಕಥೆಯಲ್ಲಿ ಕಡೆಗೆ ಯಾರಾದರೂ ಉಳಿಯುವರೆಂಬ ನೆಚ್ಚಿಕೆ ಮಗುವಿಗೆ ಇರುವುದು. ಇಲ್ಲಿ ಆ ನೆಚ್ಚಿಕೆಯೂ ಮುರಿಯಿತು. ದೋಷ ಚಿತ್ರದ್ದೋ, ಏನೆಂದು ತಿಳಿಯದೆ ಮಗುವನ್ನು ಕಳುಹಿಸಿದವರದ್ದೋ? ಎರಡನೆಯವರದೆಂದೇ ನಾವು ಹೇಳುವೆವು.

ಹೆಸರನ್ನು ಬದಲಾಯಿಸುವಾಗ ಹಕ್ಕಿನ ಸೂಚನೆಯ ಸಾಲು ಬಿಟ್ಟುಹೋದುದರಿಂದ, ಅಂದಿನ ಕಾನೂನಿನಂತೆ ಚಿತ್ರವು ಸಾರ್ವಜನಿಕರ ಸೊತ್ತಾಯಿತು. ಕರ್ತರಿಗೆ ನಷ್ಟವಾದರೂ, ಯಾರು ಬೇಕಾದರೂ ತೋರಿಸಬಹುದಾದುದರಿಂದ ಅದು ಲೋಕವೆಲ್ಲ ಹಬ್ಬಿತು. 1999ರಲ್ಲಿ ಅಮೆರಿಕಾದವರು ಅದನ್ನು ತಮ್ಮ ರಾಷ್ಟ್ರೀಯ ಚಿತ್ರಗಳ ಪಟ್ಟಿಯಲ್ಲಿ ಸೇರಿಸಿಕೊಂಡರು.

ಹತ್ತು ವರ್ಷಗಳ ಮೇಲೆ, 1978ರಲ್ಲಿ, ರೊಮೆರೋ ಅವರ 'ಡಾನ್ ಆಫ್ ದಿ ಡೆಡ್' ಬಂದಿತು. ಇದರಲ್ಲಿ ನಾಡೇ ಹಾಳಾದ ಮೇಲೆ ನಾಲ್ವರು ಒಂದು ದೊಡ್ಡ ಅಂಗಡಿ ಸಮುಚ್ಚಯದಲ್ಲಿ ಸೇರಿಕೊಳ್ಳುವರು. ಶವಗಳೂ ಹಳೆಯ ಅಭ್ಯಾಸಬಲದಿಂದ ಅಲ್ಲಿಗೇ ಬರುವುವು. ಪಿಟ್ಸ್‌ಬರ್ಗಿನ ಹತ್ತಿರದ ಮನ್ರೋವಿಲ್ ಮಾಲಿನಲ್ಲಿ, ಅಂಗಡಿಗಳು ಮುಚ್ಚಿದ ಮೇಲೆ, ರಾತ್ರಿಯೆಲ್ಲ ಚಿತ್ರೀಕರಣ ನಡೆಯುತ್ತಿದ್ದಿತು. ಕ್ರಿಸ್‌ಮಸ್ಸಿನ ಅಲಂಕಾರ ಕಟ್ಟಿದಾಗ ಕೆಲಸ ನಿಲ್ಲಿಸಿ, ಹಬ್ಬ ಕಳೆದ ಬಳಿಕ ಮುಂದುವರಿಸಿದರು.

ಚಿತ್ರಪ್ರಿಯರಿಗೆ ಈ ಎರಡು ಸ್ಥಳಗಳೂ ಯಾತ್ರಾಸ್ಥಳಗಳಾದುವು. 2006ರ ಅಕ್ಟೋಬರಿನಲ್ಲಿ ಮನ್ರೋವಿಲ್ ಮಾಲಿನಲ್ಲಿ 894 ಮಂದಿ ಶವದ ವೇಷ ಹಾಕಿ ಮೆಲ್ಲನೆ ನಡೆದು ಗಿನ್ನೆಸ್ ದಾಖಲೆ ಪಡೆದರು. ಪಿಟ್ಸ್‌ಬರ್ಗಿನ ಇಂಥ ನಡಿಗೆಗಳಿಗೆ ಬರುವವರು ಬಡವರಿಗಾಗಿ ಡಬ್ಬಿಯ ಆಹಾರವನ್ನು ತಂದೊಪ್ಪಿಸುವ ಪದ್ಧತಿಯೂ ಬೆಳೆಯಿತು. ಹಸಿದ ಶವಗಳ ವೇಷದಿಂದ ಹಸಿದ ಮನುಷ್ಯರಿಗೆ ಊಟ ದೊರೆಯಿತು. ಇವಾನ್ಸ್ ಸಿಟಿಯಲ್ಲಿ ಇನ್ನೂ ಮೇಲಾದ ಕೆಲಸವಾಯಿತು. ಚಿತ್ರದಲ್ಲಿ ಕಾಣುವ ಸ್ಮಶಾನದ ಸಣ್ಣ ಪ್ರಾರ್ಥನಾಮಂದಿರವು ಶಿಥಿಲವಾಗಿ, 2011ರ ಹೊತ್ತಿಗೆ ಅದನ್ನು ಕೆಡವುವ ಮಾತು ಬಂದಾಗ, ಚಿತ್ರಕ್ಕೆ ದುಡಿದಿದ್ದ ಗ್ಯಾರಿ ಸ್ಟ್ರೈನರ್ ಅವರು ಮುಂದೆ ನಿಂತರು, ಅಭಿಮಾನಿಗಳಿಂದ ಸುಮಾರು 50,000 ಡಾಲರ್ ಕೂಡಿತು, ಮಂದಿರ ಉಳಿಯಿತು. ಅಲ್ಲಿ ಮಲಗಿರುವ ತಮ್ಮ ಹಿರಿಯರಿಗಾಗಿ ಬರುವ ಊರಿನವರಿಗೂ ಇದರಿಂದ ಉಪಕಾರವಾಯಿತು. ಮಾಲಿನ ಭಾಗ್ಯ ಹಾಗಾಗಲಿಲ್ಲ. 2025ರಲ್ಲಿ ವಾಲ್‌ಮಾರ್ಟ್ ಅದನ್ನು ಕೊಂಡಿತು, ಹಳೆಯದನ್ನು ತೆಗೆದು ಹೊಸದನ್ನು ಕಟ್ಟುವ ಆಲೋಚನೆ ಹೊರಬಿದ್ದಿತು. ರೊಮೆರೋ ಅವರು 2017ರಲ್ಲಿ ತೀರಿಕೊಂಡರು.

ಇಷ್ಟನ್ನು ಕೇಳಿದ ಗೃಹಸ್ಥರು ಏನು ಮಾಡಬೇಕು? ಭಯಾನಕವನ್ನು ಮನೆಯಿಂದ ಗಡೀಪಾರು ಮಾಡಬೇಕಾಗಿಲ್ಲ. ಮದ್ದಿನಂತೆ ಎತ್ತಿಡುವ ಸ್ಥಳವೂ ಕೊಡುವ ವಯಸ್ಸೂ ಪ್ರಮಾಣವೂ ತಿಳಿದಿರಬೇಕು. ಚಿಕ್ಕವರಿಗೆ ತೋರಿಸುವ ಮೊದಲು ಹಿರಿಯರೊಬ್ಬರು ಪೂರ್ತಿಯಾಗಿ ನೋಡಿರತಕ್ಕದ್ದು. ಬೆಳೆದ ಮಕ್ಕಳು ನೋಡಿದರೆ ದೀಪವಾರಿಸಿ ಮಲಗಲು ಕಳುಹಿಸದೆ, ಒಂದು ಗಳಿಗೆ ಜೊತೆಯಲ್ಲಿ ಕುಳಿತು ಮಾತನಾಡತಕ್ಕದ್ದು. ಆ ಮನೆಯವರು ಏಕೆ ಕೆಟ್ಟರು ಎಂದು ಕೇಳಿ ನೋಡಿರಿ. ಶವಗಳಿಂದ ಎಂದು ಚಿಕ್ಕವನು ಹೇಳಿಯಾನು. ಜಗಳದಿಂದ ಎಂದು ದೊಡ್ಡವಳು ತಿದ್ದಿಯಾಳು. ಅಷ್ಟಾದರೆ ಆ ಚಿತ್ರಕ್ಕೆ ಕಳೆದ ಒಂದೂವರೆ ಗಂಟೆಯ ಕಾಲವು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.