ಮೂಗಿಗೂ ಮರೆವಿದೆ ಕಣ್ರೀ...

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿ ಒಂದು ಉಪದೇಶ ಕೊಟ್ಟಳು. "ಮದುವೆಯಾಗಿ ಹತ್ತು ವರ್ಷ ದಾಟಿತಲ್ಲ, ಒಂದೇ ಒಂದು ಸೆಂಟ್ ಆರಿಸ್ಕೊ, ದಿನಾ ಅದನ್ನೇ ಹಾಕ್ಕೊ. ಆ ಘಮ ಬಂದ್ರೆ ಸಾಕು, ನಿನ್ನ ಗಂಡನಿಗೆ ನೀನೇ ನೆನಪಾಗ್ಬೇಕು!"

ನನಗೆ ನಗು ಬಂತು. ಈ ಪ್ರಯೋಗವನ್ನ ನಾನು ಆಗಲೇ ಮಾಡಿ, ಸೋತು, ಒಂದು ಜಗಳವನ್ನೂ ಆಡಿ ಮುಗಿಸಿದ್ದೀನಿ.

ಮೂರು ವರ್ಷದ ಹಿಂದೆ, ಮನಸ್ಸು ಗಟ್ಟಿ ಮಾಡ್ಕೊಂಡು ಒಂದು ದುಬಾರಿ ಬಾಟಲಿ ತಂದೆ. ಮೊದಲ ದಿನ ನಮ್ಮವರು ಬಾಗಿಲಲ್ಲೇ ನಿಂತು "ಏನೇ ಇದು, ಘಮ್ಮಂತಿದೀಯ!" ಅಂದ್ರು. ಎರಡನೇ ವಾರಕ್ಕೆ ಮಾತಿಲ್ಲ. ಮೂರನೇ ವಾರ ನಾನೇ ಪಕ್ಕದಲ್ಲಿ ಕೂತು "ರೀ, ಏನೂ ಗೊತ್ತಾಗ್ತಿಲ್ವಾ?" ಅಂತ ಕೇಳಿದೆ. ಮೂಗೇರಿಸಿ, "ಏನು, ಹಾಲು ಸೀದು ಹೋಯ್ತಾ?" ಅಂದ್ರು!

ಆ ರಾತ್ರಿ ಮಾತಿಲ್ಲದೆ ಊಟ ಮುಗೀತು. ದುಡ್ಡು ಹೋಯ್ತಲ್ಲ ಅಂತಲ್ಲ ಬೇಜಾರು. ಗೋಡೆ ಗಡಿಯಾರದ ಹಾಗೆ ನಾನೂ ಈ ಮನೆಯ ಒಂದು ಸಾಮಾನಾಗಿಬಿಟ್ನಾ ಅನ್ನೋ ಭಯ.

ಆಮೇಲೆ ಓದಿದಾಗ ಗೊತ್ತಾಯ್ತು, ತಪ್ಪು ಪಾಪ ಅವರದ್ದಲ್ಲ, ಮೂಗಿನದ್ದು. ಒಂದೇ ವಾಸನೆ ಬಿಡದೆ ಬರ್ತಾ ಇದ್ರೆ ಮೂಗು, ಮಿದುಳು ಎರಡೂ ಅದನ್ನ ಲೆಕ್ಕಕ್ಕೆ ತಗೊಳ್ಳೋದನ್ನ ಬಿಡುತ್ತವೆ. ಹೊಸ ವಾಸನೆ, ಅಂದ್ರೆ ಸೀದ ಹಾಲು, ಥಟ್ಟನೆ ಗೊತ್ತಾಗ್ಬೇಕಲ್ಲ! ಊರಿಗೆ ಹೋಗಿ ಬಂದು ಬೀಗ ತೆಗೆದಾಗ ಮಾತ್ರ ನಮ್ಮ ಮನೆಗೂ ಒಂದು ವಾಸನೆ ಇದೆ ಅಂತ ಅನ್ನಿಸೋದು ಇದಕ್ಕೇ.

ಹಾಗಂತ ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಿದುಳಿನಲ್ಲಿ ನೆನಪು, ಭಾವನೆಗಳ ಜಾಗಕ್ಕೆ ವಾಸನೆಯಷ್ಟು ಹತ್ತಿರದ ದಾರಿ ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. 2018ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. 96 ಹೆಂಗಸರಿಗೆ ಅಂಗಿ ಮೂಸೋಕೆ ಕೊಟ್ಟು, ಆಮೇಲೆ ಅವರನ್ನ ಒತ್ತಡದ ಪರೀಕ್ಷೆಗೆ ಕೂರಿಸಿದ್ರಂತೆ. ತಮ್ಮ ಸಂಗಾತಿ ತೊಟ್ಟ ಅಂಗಿ ಸಿಕ್ಕವರಿಗೆ ಒತ್ತಡ ಕಡಿಮೆ ಅನ್ನಿಸಿತ್ತು. ಮಜಾ ಏನಪ್ಪಾ ಅಂದ್ರೆ, ಆ ಅಂಗಿ ತೊಡುವಾಗ ಗಂಡಸರು ಸೆಂಟ್ ಗಿಂಟ್ ಏನೂ ಹಾಕೋ ಹಾಗಿರಲಿಲ್ಲ!

ನನಗೆ ಆಶ್ಚರ್ಯ ಆಗಲಿಲ್ಲ. ಇವರು ಕೆಲಸದ ಮೇಲೆ ನಾಲ್ಕು ತಿಂಗಳು ಪುಣೆಯಲ್ಲಿದ್ದಾಗ ಒಂದು ಹಳೇ ಅಂಗಿಯನ್ನ ಒಗೆಯದೆ ಬೀರುವಿನಲ್ಲಿ ಇಟ್ಟುಕೊಂಡಿದ್ದೆ. ಮೈಸೂರ್ ಸ್ಯಾಂಡಲ್ ಸೋಪು, ಕೊಬ್ಬರಿ ಎಣ್ಣೆ, ಸ್ವಲ್ಪ ಬೆವರು. ಯಾವ ಅಂಗಡೀಲೂ ಸಿಗದ ಸೆಂಟ್ ಅದು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಪರಿಮಳ ಬೇಕು, ಆದ್ರೆ ದಿನಾ ಬೇಡ. ದಿನಾ ಹಾಕಿದ್ದು ಕಾಣೆಯಾಗುತ್ತೆ, ಅಪರೂಪಕ್ಕೆ ಹಾಕಿದ್ದು ನೆನಪಾಗುತ್ತೆ. ನಮ್ಮ ಹಿರಿಯರ ಮಲ್ಲಿಗೆಯಲ್ಲಿ ಈ ಬುದ್ಧಿ ಇತ್ತು ಅನ್ಸುತ್ತೆ. ಸಂಜೆ ಬಿರಿಯುತ್ತೆ, ರಾತ್ರಿಯೆಲ್ಲಾ ಘಮಘಮಿಸುತ್ತೆ, ಬೆಳಿಗ್ಗೆ ಬಾಡುತ್ತೆ. ಮೂಗಿಗೆ ಬೇಜಾರಾಗೋ ಮುಂಚೆ ತಾನೇ ಎದ್ದು ಹೋಗುತ್ತೆ! ದಾಂಪತ್ಯದ ಒಲವನ್ನ ಹಾಡಿದ ಸಂಕಲನಕ್ಕೆ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ 'ಮೈಸೂರು ಮಲ್ಲಿಗೆ' ಅಂತ ಸುಮ್ಮನೆ ಹೆಸರಿಟ್ರಾ?

ಈಗ ನಮ್ಮನೇಲಿ ಒಂದು ಪದ್ಧತಿ. ಶನಿವಾರ ಸಂಜೆ ಅವರು ಎರಡು ಮೊಳ ಮಲ್ಲಿಗೆ ತರ್ತಾರೆ. ಮೊಬೈಲ್ ಒಳಗಿಟ್ಟು ಇಬ್ಬರೂ ಒಂದು ಸುತ್ತು ನಡೆದು ಬರ್ತೀವಿ. ಮರೆತು ಬಂದ ದಿನ ಅವರೇ ಚಪ್ಪಲಿ ಮೆಟ್ಟಿ ಮತ್ತೆ ಹೊರಡ್ತಾರೆ. ನಿಜ ಹೇಳ್ಬೇಕಂದ್ರೆ, ನನಗೆ ಹೂವಿಗಿಂತ ಆ ಎರಡನೇ ಸಲ ಹೊರಡೋದೇ ಜಾಸ್ತಿ ಇಷ್ಟ.

ಆ ದುಬಾರಿ ಬಾಟಲಿ ಇನ್ನೂ ಅರ್ಧ ಇದೆ. ವರ್ಷಕ್ಕೊಂದು ಸಲ, ಮದುವೆಯಾದ ದಿನ ಮಾತ್ರ ಮುಚ್ಚಳ ತೆಗೆಯೋದು. ಹೋದ ಸಲ ಅವರು ಬಾಗಿಲಲ್ಲೇ ನಿಂತ್ರು...

ನಿಮ್ಮನೆಯ ಘಮ ಯಾವುದು? ಗೊತ್ತಾಗ್ತಿಲ್ಲ ಅಂದ್ರೆ ನಾಲ್ಕು ದಿನ ತವರಿಗೆ ಹೋಗಿ ಬನ್ನಿ, ಗೊತ್ತಾಗುತ್ತೆ :)