‘ಫುಲ್ ಇನ್ಶೂರೆನ್ಸ್’ ನೀರಿಗಿಳಿದಾಗ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಮುಳುಗಿದಾಗ ನಮ್ಮ ಗ್ಯಾರೇಜಿಗೆ ಕಟ್ಟಿ ಎಳೆದು ತಂದ ಕಾರುಗಳ ಮಾಲೀಕರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ‘ಫುಲ್ ಇನ್ಶೂರೆನ್ಸ್ ಇದೆ.’

ಅಂಥದ್ದೊಂದು ಪಾಲಿಸಿಯೇ ಇಲ್ಲ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಾವು ಗುದ್ದಿದವರಿಗೆ ಪರಿಹಾರ ಕೊಡುತ್ತದೆ, ನಮ್ಮ ಬಂಪರಿಗೆ ಬಿಡಿಗಾಸೂ ಇಲ್ಲ. ಸಮಗ್ರ ವಿಮೆಯಲ್ಲಿ ಅಪಘಾತ, ಕಳವು, ಬೆಂಕಿಯ ಜೊತೆ ಪ್ರವಾಹವೂ ಸೇರಿದೆ. ಆದರೆ ನೀರಲ್ಲಿ ನಿಂತ ಕಾರಿನ ಕೀ ತಿರುಗಿಸಿದಿರೋ, ಎಂಜಿನ್ನಿನ ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಬಹುದು. ಅದು ಪ್ರವಾಹದ ನೇರ ಹಾನಿಯಲ್ಲ, ನೀವೇ ತಂದುಕೊಂಡದ್ದು ಎಂದು ಕಂಪನಿಗಳು ಸಾಮಾನ್ಯವಾಗಿ ಕೈಚೆಲ್ಲುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ರಕ್ಷಣೆ ಬೇಕು.

ಪ್ಲಾಸ್ಟಿಕ್, ರಬ್ಬರ್ ಭಾಗ ಬದಲಿಸಿದರೆ ಸವಕಳಿ ಲೆಕ್ಕದಲ್ಲಿ ಅದರ ಬೆಲೆಯ ಶೇ 50 ಕಡಿತ. ಇದನ್ನು ತಪ್ಪಿಸುವುದು ಝೀರೋ ಡೆಪ್ (ಸವಕಳಿ ಕಡಿತವಿಲ್ಲದ) ಎಂಬ ಇನ್ನೊಂದು ಪ್ರತ್ಯೇಕ ರಕ್ಷಣೆ. ಇಂದಿನ ಕಾರುಗಳಲ್ಲಿ ಪ್ಲಾಸ್ಟಿಕ್ ಭಾಗಗಳು ಸಾಕಷ್ಟಿವೆ, ಹೊಸ ಕಾರಿಗೆ ಇದು ಬೇಕೇ ಬೇಕು.

ಶೋರೂಮಿನಲ್ಲಿ ಸೀಟ್ ಕವರಿನ ಬಣ್ಣ ವಿವರಿಸಲು ಅರ್ಧ ಗಂಟೆ ಸಿಗುತ್ತದೆ, ವಿಮೆಯ ಈ ವಿಷಯಕ್ಕೆ ಸಿಗದು. ಇದು ಅನ್ಯಾಯ. ಪಾಲಿಸಿಯಲ್ಲಿ ಏನಿಲ್ಲ ಎಂಬುದನ್ನು ಮೊದಲ ಪುಟದಲ್ಲೇ, ಕನ್ನಡದಲ್ಲಿ ಅಚ್ಚು ಹಾಕಬೇಕು.

ಅಲ್ಲಿಯವರೆಗೆ, ಮಳೆಗಾಲಕ್ಕೆ ಮುಂಚೆ ನಿಮ್ಮ ಪಾಲಿಸಿ ತೆಗೆದು ಓದಿ. ನೀರು ಹೊಕ್ಕ ಕಾರನ್ನು ದಯವಿಟ್ಟು ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಬನ್ನಿ.