ಬೆಟ್ಟಕ್ಕೆ ರಫೂ ಬೇಡ, ಗವಾಹಿ ಬೇಕು

ಕಸೂತಿಯನ್ನು ಕೊಂಡಾಡುವ ನಾಡು, ಕಸೂತಿ ಹಾಕುವವರ ಬೆಟ್ಟವನ್ನು ಮಾರಿಕೊಳ್ಳಬಹುದೇ?

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ದೊರೆಯಿತು. ಅಂದರೆ ಈ ಕಲೆ ಈ ನೆಲಕ್ಕೇ ಸೇರಿದ್ದು ಎಂದು ಸರಕಾರವೇ ಒಪ್ಪಿಕೊಂಡಿತು. ಅದೇ ಹೊತ್ತಿಗೆ ಆ ನೆಲ ಅದಿರಾಗಿ ಲಾರಿ ಹತ್ತಿ ಬಂದರಿನ ದಾರಿ ಹಿಡಿದಿತ್ತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಅವು ಮತ್ತೆ ತೆರೆದವು. 2024ರಲ್ಲಿ ದೇವದಾರಿ ಬೆಟ್ಟದ ಗಣಿ ಯೋಜನೆಗಾಗಿ ಸುಮಾರು 99,000 ಮರ ಕಡಿಯಬೇಕಾಗುತ್ತದೆಂಬ ಸುದ್ದಿ ನಾಡನ್ನೇ ಕಲಕಿತು.

ಇವೆರಡರ ನಡುವೆ, 2023ರ ಜುಲೈಯಲ್ಲಿ, ಹಂಪಿಯ ಜಿ-20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿಗಳು ಗಿನ್ನೆಸ್ ದಾಖಲೆ ಸೇರಿದವು. ಆ ಸೋದರಿಯರ ಶ್ರಮಕ್ಕೆ ಸಲಾಂ. ಆದರೆ ತುಂಡುಗಳನ್ನು ಎಣಿಸಿದ ಆ ದಾಖಲೆಯಲ್ಲಿ ಕರಗಿದ ಬೆಟ್ಟಗಳಿಗೆ ಕಾಲಂ ಎಲ್ಲಿದೆ?

'ಕಲೆಯಲ್ಲಿ ರಾಜಕೀಯ ಬೇಡ' ಎನ್ನುವವರು ಒಡಿಶಾದ ಕಡೆ ನೋಡಲಿ. ಅಲ್ಲಿನ ಗಣಿ, ಭೂಸ್ವಾಧೀನಗಳನ್ನು ಕುರಿತು ಅಮರ್ ಕನ್ವರ್ 'ದಿ ಸಾವರಿನ್ ಫಾರೆಸ್ಟ್' ಎಂಬ ಕೃತಿ ರಚಿಸಿದರು. ಅದರಲ್ಲಿ ಕೈಯಿಂದ ತಯಾರಿಸಿದ ಕಾಗದದ ಪುಸ್ತಕಗಳಿವೆ, 250ಕ್ಕೂ ಹೆಚ್ಚು ತಳಿಯ ಭತ್ತದ ಬೀಜಗಳಿವೆ. 2012ರಲ್ಲಿ ಅದು ಜರ್ಮನಿಯ ಕಾಸೆಲ್‌ನಲ್ಲಿ ಪ್ರದರ್ಶನಗೊಂಡಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಭುವನೇಶ್ವರದಲ್ಲೂ ಬಾಗಿಲು ತೆರೆದು, ನೆಲ ಕಳೆದುಕೊಂಡವರೇ ತಮ್ಮ ಸಾಕ್ಷ್ಯ ತಂದು ಸೇರಿಸಲು ಅವಕಾಶ ಕೊಟ್ಟಿತು. ಅಲ್ಲಿ ಕಾಗದ ಅಲಂಕಾರಕ್ಕಲ್ಲ, ಗವಾಹಿಗೆ ನಿಂತಿತು.

ಹರಿದ ಜಾಗ ಕಾಣದಂತೆ ಹೊಲಿಯುವುದು ರಫೂ. ಬಟ್ಟೆಗೆ ಅದು ಒಳ್ಳೆಯದು. ಬೆಟ್ಟಕ್ಕೆ ಅದು ಮೋಸ. ನಮ್ಮ ಉತ್ಸವಗಳು ಕಲಾವಿದರಿಂದ ಕೇಳುತ್ತಿರುವುದು ಇಂಥ ರಫೂವನ್ನೇ. ಸಂಡೂರಿನ ಹೆಂಗಸರನ್ನು ದೂರುವಂತಿಲ್ಲ. ಆರ್ಡರ್ ಬಂದ ಚೀಲ, ದಿಂಬಿನ ಕವರು ಹೊಲಿದರೆ ಮನೆಯ ಒಲೆ ಉರಿಯುತ್ತದೆ. ದೂರಬೇಕಾದದ್ದು ಕನ್ನಡಿ ಮಿನುಗಿಗೆ ಚಪ್ಪಾಳೆ ತಟ್ಟಿ, ಕೆಂಪು ಧೂಳಿಗೆ ಕಣ್ಣು ಮುಚ್ಚುವ ನಮ್ಮನ್ನು.

ಗಣಿಬಾಧಿತರಿಗೆಂದೇ ಜಿಲ್ಲಾ ಖನಿಜ ನಿಧಿ ಇದೆ. ಅದರಿಂದ ಸಂಡೂರಿನಲ್ಲೇ ಒಂದು ಸಾಕ್ಷ್ಯಶಾಲೆ ಕಟ್ಟಲಿ. ಬತ್ತಿದ ಹಳ್ಳ, ಹೋದ ಗೋಮಾಳ, ಅಳಿದ ಕಾಡು ಎಲ್ಲಿದ್ದವೆಂದು ತಾಂಡಾದ ಹೆಂಗಸರು ಬಟ್ಟೆಯ ಮೇಲೆ ಹೊಲಿಯಲಿ. ಅದಕ್ಕೆ ಪೂರ್ತಿ ಕೂಲಿ ಸಿಗಲಿ. ಹೊಸ ಗಣಿಗೆ ಅನುಮತಿ ಕೇಳುವ ಪ್ರತಿಯೊಂದು ಸಭೆಯಲ್ಲೂ ಆ ಬಟ್ಟೆಯನ್ನು ಮೇಜಿನ ಮೇಲೆ ಹಾಸಲಿ. ಭೂಮಿ ನಮ್ಮ ಕೈಗೆ ಬಂದಿರುವ ಅಮಾನತ್. ಅಮಾನತನ್ನು ಕಳೆದವರು ಲೆಕ್ಕ ಕೊಡಲೇಬೇಕು.